ಪದಚರ್ಚೆ: ಟಿಂಡರ್, ಟ್ರಾಮಾ, ಫ್ಲ್ಯಾಶ್‌ಬ್ಯಾಕ್

ಪ್ರಶ್ನೆ: ನಮಸ್ಕಾರ. ಗ್ಯಾರಿ ಪಾಲ್ಸನ್ ಅವರ ‘ಹ್ಯಾಚೆಟ್’ (ಕೈಗೊಡಲಿ) ಮತ್ತು ಅದೇ ಸರಣಿಯ ‘ಬ್ರಯಾನ್ಸ್ ರಿಟರ್ನ್’ (1999) ಕಾದಂಬರಿಗಳನ್ನು ಕನ್ನಡಿಸುವಾಗ ಟಿಂಡರ್, ಟ್ರಾಮಾ, ಫ್ಲ್ಯಾಶ್‌ಬ್ಯಾಕ್ ಎಂಬುವಕ್ಕೆ ಏನು ಬಳಸಬಹುದು? ‘ಉರುವಲು’, ‘ಆಘಾತ’, ‘ನೆನಪು’ ಸಾಕೇ?

ಉತ್ತರ: ಮೂರೂ ಸಾಲವು. ಕೆನಡಾದ ಕಾಡಿನಲ್ಲಿ 54 ದಿನ ಒಂಟಿಯಾಗಿ ಬದುಕುಳಿಯುವ 13ರ ಹುಡುಗ ಬ್ರಯಾನ್‌ಗೆ ಬೆಂಕಿ ಕೊನೆಗೂ ದಕ್ಕುವುದು ಟಿಂಡರ್, ಅಂದರೆ ಮೊದಲ ಕಿಡಿ ಹಿಡಿಯುವ ನವಿರಾದ ವಸ್ತು, ಸರಿಯಾದಾಗ. ಒಣಹುಲ್ಲು ಹೊತ್ತಲಿಲ್ಲ, ಹರಿದು ಹಾಕಿದ 20 ಡಾಲರ್ ನೋಟೂ ಹೊತ್ತಲಿಲ್ಲ. ಬರ್ಚ್ ಮರದ ತೊಗಟೆಯನ್ನು ಕೂದಲೆಳೆಯಷ್ಟು ಸಣ್ಣಗೆ ಸೀಳಿ, ಗೂಡಿನಂತೆ ಒಟ್ಟಿ, ಕೈಗೊಡಲಿಯನ್ನು ಕಲ್ಲಿಗೆ ಹೊಡೆದು ಹಾರಿಸಿದ ಕಿಡಿ ಬಿದ್ದೊಡನೆ ಊದಿದಾಗ ಹೊತ್ತಿತು. ಈ ತೊಗಟೆಯಲ್ಲಿ ಎಣ್ಣೆಯಂಥ ಅಂಶವಿದೆ, ಆದ್ದರಿಂದ ತೇವವಿದ್ದರೂ ಉರಿಯುತ್ತದೆ. (ಭೂರ್ಜಪತ್ರದ ಭೂರ್ಜ ಇದೇ ಕುಲದ ಮರ.) ‘ಉರುವಲು’ ಎಂದರೆ ಸೌದೆಯೂ ಸೇರಿಬಿಡುತ್ತದೆ, ಇಲ್ಲಿ ಕಿಡಿ ಹಿಡಿಯುವುದಕ್ಕೆ ‘ಜುಂಗು’, ಅದರ ಮೇಲಿಡುವ ಸಣ್ಣ ಒಣಕಡ್ಡಿಗೆ ‘ಪುರಲೆ’, ಆಮೇಲಿನದಕ್ಕೆ ‘ಸೌದೆ’ ಎಂದು ಬೇರೆ ಬೇರೆಯಾಗಿಯೇ ಇಡಿ. ಜುಂಗಿಲ್ಲದೆ ಪುರಲೆಗೆ ನೇರ ಕಿಡಿ ಹಾರಿಸಿದರೆ ಹೊತ್ತದು: ಕಿಡಿ ಬಿಸಿಯಾದರೂ ತೀರ ಸಣ್ಣದು, ಕಡ್ಡಿ ಕಾಯುವ ಮೊದಲೇ ಆರಿಹೋಗುತ್ತದೆ. ಇನ್ನೊಂದು, ‘ಕಲ್ಲು ಕಿಡಿ ಕಾರಿತು’ ಎಂದು ಬರೆಯಬೇಡಿ. ಗಟ್ಟಿಕಲ್ಲು ಕೈಗೊಡಲಿಯ ಉಕ್ಕನ್ನು ಹೆರೆಯುತ್ತದೆ, ಹಾಗೆ ಹಾರಿದ ಉಕ್ಕಿನ ಪುಡಿಯೇ ಗಾಳಿಯಲ್ಲಿ ಉರಿಯುವುದು.

ಟ್ರಾಮಾಕ್ಕೆ ‘ಆಘಾತ’ ಇಟ್ಟರೆ ಆರಂಭದಲ್ಲೇ ತೊಡಕು. ಬ್ರಯಾನ್ ಕೂತಿದ್ದ ಸಣ್ಣ ವಿಮಾನದ ಪೈಲಟ್ ಸಾಯುವುದು ಹೃದಯಾಘಾತದಿಂದ, ಎರಡು ‘ಆಘಾತ’ ಬೆರೆತುಹೋಗುತ್ತವೆ. ಮೇಲಾಗಿ ಆಘಾತ ಎಂದರೆ ಬಿದ್ದ ಪೆಟ್ಟು. ಪೆಟ್ಟಿನ ನಂತರ ಒಳಗೆ ಉಳಿಯುವುದಕ್ಕೆ ‘ಮನೋಗಾಯ’ ಹೊಂದುತ್ತದೆ. ‘ಆಘಾತೋತ್ತರ ಒತ್ತಡದ ಕಾಯಿಲೆ’ಯನ್ನು ಮಾತ್ರ ಹುಡುಗನಿಗೆ ಅಂಟಿಸಬೇಡಿ. ಅದು 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಸೇರಿದ ರೋಗನಾಮ. ಈಗಿನ ಮಾನದಂಡದಂತೆ ಲಕ್ಷಣಗಳು ಒಂದು ತಿಂಗಳಿಗೂ ಮೀರಿ ಉಳಿದಿರಬೇಕು.

ಫ್ಲ್ಯಾಶ್‌ಬ್ಯಾಕ್ ‘ನೆನಪು’ ಅಲ್ಲ. ನೆನಪಾದವನಿಗೆ ಅದು ಮುಗಿದ ಸಂಗತಿ ಎಂಬ ಅರಿವಿರುತ್ತದೆ, ಇಲ್ಲಿ ಅದು ಈಗಲೇ ನಡೆಯುತ್ತಿದೆ ಅನ್ನಿಸುತ್ತದೆ. ‘ಮರು ಅನುಭವ’ ಎನ್ನಿ. ‘ಬ್ರಯಾನ್ಸ್ ರಿಟರ್ನ್’ನಲ್ಲಿ, ಕಾಡಿನಿಂದ ಊರಿಗೆ ಮರಳಿದ ಮೇಲೆ, ಶಾಲೆಯ ಹುಡುಗನೊಬ್ಬ ಮೇಲೆ ಬಿದ್ದಾಗ ಬ್ರಯಾನ್ ಕಾಡಿನಲ್ಲಿ ಎರಗಿದ ಪ್ರಾಣಿಯನ್ನು ಎದುರಿಸುವಂತೆ ಹೊಡೆಯುತ್ತಾನಲ್ಲ, ಅಲ್ಲಿಗಂತೂ ‘ಕೋಪ’, ‘ಸಿಟ್ಟು’ ಎರಡೂ ಬೇಡ. ಮನಸ್ಸಿಗಿಂತ ಮೊದಲು ಮೈ ಎದ್ದು ನಿಂತಿರುತ್ತದೆ.

‘ಪುರಲೆ’ ಹಳೇ ಮೈಸೂರಿನ ಕಡೆಯ ಮಾತು. ಸೌದೆಗೆ ಕಟಗಿ ಎನ್ನುವ ಕಡೆಯವರು ಈ ಸಣ್ಣ ಕಡ್ಡಿಗೆ ಏನನ್ನುತ್ತೀರಿ, ದಯವಿಟ್ಟು ತಿಳಿಸಿ.