ಪೀರಿಯಡ್ಸ್ 50 ದಿನಕ್ಕೊಮ್ಮೆ ಬರುತ್ತಿದೆ, ಅನುಭವ ಇದ್ದವರು ಹೇಳಿ

ವೈಟ್‌ಫೀಲ್ಡ್‌ನಿಂದ: ಅಕ್ಕಂದಿರೇ, ನನಗೆ 26 ವರ್ಷ. ಪೀರಿಯಡ್ಸ್ ಸುಮಾರು 50 ದಿನಕ್ಕೊಮ್ಮೆ ಬರುತ್ತಿದೆ. ಗಲ್ಲದ ಮೇಲೆ ದಪ್ಪ ಕೂದಲು, ತೂಕ 7 ಕೆಜಿ ಜಾಸ್ತಿ. ಪಿಜಿಯಲ್ಲಿ ಎಲ್ಲರೂ ‘ಹಾರ್ಮೋನ್ ಇಂಬ್ಯಾಲೆನ್ಸ್’ ಅನ್ನುತ್ತಾರೆ. ಆನ್‌ಲೈನ್‌ನಲ್ಲಿ ಸಿಗುವ ಪೌಡರ್ ತರಿಸಲಾ?

ಬಸವನಗುಡಿಯಿಂದ: ಪೌಡರ್ ಬೇಡ ತಂಗಿ. ಹಾರ್ಮೋನ್ ಏರುಪೇರು ಅನ್ನೋದು ಒಂದು ಕಾಯಿಲೆಯ ಹೆಸರಲ್ಲ. ಯಾವ ಹಾರ್ಮೋನ್, ಯಾಕೆ ಅಂತ ತಿಳಿಯದೆ ಏನು ತಿಂದರೂ ದುಡ್ಡು ದಂಡ.

ನನಗೂ ಹೀಗೇ ಆಗಿತ್ತು. ನಮ್ಮ ಅಡುಗೆಮನೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರ್‌ನಲ್ಲಿ ಅಮ್ಮ ಹಾಲಿನ ಲೆಕ್ಕ ಬರೆಯುತ್ತಿದ್ದರು. ಅದರ ಪಕ್ಕದಲ್ಲೇ ನಾನು ಮೊದಲ ದಿನಕ್ಕೆ ಕೆಂಪು ಚುಕ್ಕಿ ಇಡುತ್ತಾ ಬಂದೆ. ಐದು ತಿಂಗಳ ಹಾಳೆಯಲ್ಲಿ ಇದ್ದದ್ದು ಎರಡೇ ಚುಕ್ಕಿ. ಆ ಫೋಟೋ ತೋರಿಸಿದ ಮೇಲೆ ಡಾಕ್ಟರಿಗೆ ಬಾಯಿಬಿಟ್ಟು ಹೇಳುವುದೇ ಇರಲಿಲ್ಲ. 21ರಿಂದ 35 ದಿನದೊಳಗೆ ಬಂದರೆ ಚಿಂತೆಯಿಲ್ಲ, ನಿಮ್ಮದು ತೋರಿಸಲೇಬೇಕು.

ನನಗೆ ಇದ್ದದ್ದು ಪಿಸಿಒಎಸ್, ಅಂದರೆ ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್, ಅಂಡಾಶಯ ಮತ್ತು ಹಾರ್ಮೋನ್‌ಗೆ ಸಂಬಂಧಿಸಿದ ತೊಂದರೆ. ಅದಕ್ಕೆ 2003ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ತಜ್ಞರು ಸೇರಿ ಮೂರು ಗುರುತು ಹೇಳಿದ್ದಾರೆ: ಮುಟ್ಟು ತಪ್ಪುವುದು, ಗಂಡು ಹಾರ್ಮೋನ್ ಜಾಸ್ತಿಯಾದ ಲಕ್ಷಣ, ಅಂಡಾಶಯದ ತುಂಬಾ ಸಣ್ಣ ಗುಳ್ಳೆ. ಎರಡಾದರೂ ಇರಬೇಕು, ಬೇರೆ ಕಾರಣ ಇಲ್ಲ ಅಂತಲೂ ಗೊತ್ತಾಗಬೇಕು. ಬರೀ ಸ್ಕ್ಯಾನಿಂಗ್‌ನಲ್ಲಿ ‘ನೀರುಗುಳ್ಳೆ’ ಕಂಡಿತು ಅಂತ ಅಳಬೇಡಿ. ನಾನು ಅತ್ತಿದ್ದೆ. ಅವು ಬಲಿಯದ ಅಂಡದ ಗೂಡುಗಳು, ಅಷ್ಟೆ.

ಗಲ್ಲಕ್ಕೆ ಥ್ರೆಡಿಂಗ್ ಮಾಡಿಸುತ್ತಿದ್ದರೆ ಡಾಕ್ಟರಿಗೆ ಹೇಳಿ, ಇಲ್ಲದಿದ್ದರೆ ಅವರಿಗೆ ಕಾಣುವುದೇ ಇಲ್ಲ. ಕತ್ತಿನ ಹಿಂದೆ ಕಪ್ಪಾಗಿದ್ದರೆ ಸಕ್ಕರೆಯನ್ನೂ ಪರೀಕ್ಷೆ ಮಾಡಿಸಿ. ನಾನು ಲಾಲ್‌ಬಾಗ್‌ನಲ್ಲಿ ದಿನಾ ನಡೆದು, ರಾತ್ರಿ ಅನ್ನ ಕಡಿಮೆ ಮಾಡಿ 72 ಕೆಜಿಯಿಂದ 67ಕ್ಕೆ ಬಂದೆ. ಆಮೇಲೆ 36 ದಿನಕ್ಕೆ ಬರತೊಡಗಿತು. ಎಲ್ಲರಿಗೂ ಇಷ್ಟೇ ಸಾಕಾಗುವುದಿಲ್ಲ, ಕೆಲವರಿಗೆ ಮಾತ್ರೆ ಬೇಕೇ ಬೇಕು. ತೂಕ ಜಾಸ್ತಿ ಇಲ್ಲದವರಿಗೂ ಇದು ಬರುತ್ತದೆ.

ಮಲ್ಲೇಶ್ವರದಿಂದ: ಥೈರಾಯ್ಡ್ ಮರೆಯಬೇಡಿ. ನನಗೂ ಡೇಟ್ ಏರುಪೇರು, ಕೂದಲು ಉದುರುವುದು, ಮಧ್ಯಾಹ್ನಕ್ಕೇ ಸುಸ್ತು. ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡು ಅನ್ನುವ ಹಾರ್ಮೋನ್) ಜಾಸ್ತಿ ಬಂತು, ಅಂದರೆ ಥೈರಾಯ್ಡ್ ಮಂದವಾಗಿತ್ತು. ಮಾತ್ರೆ ಶುರು ಮಾಡಿ ತಿಂಗಳುಗಟ್ಟಲೆ ಆದರೂ ಇಳಿಯಲಿಲ್ಲ. ಕಾರಣ ನೋಡಿದರೆ ಬೆಳಗಿನ ಫಿಲ್ಟರ್ ಕಾಫಿ. ಮಾತ್ರೆ ನುಂಗಿದ ತಕ್ಷಣ ಕುಡಿಯುತ್ತಿದ್ದೆ. ಈಗ ಎದ್ದ ಕೂಡಲೇ ಮಾತ್ರೆ, ಕಾಫಿ ಒಂದು ಗಂಟೆ ಬಿಟ್ಟು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೆ ನಾಲ್ಕು ಗಂಟೆ ಅಂತರ.

ವಿಜಯನಗರದಿಂದ: ನನಗೆ 48 ಮಗಳೇ, ನನ್ನದು ಮುಟ್ಟು ನಿಲ್ಲುವ ಕಾಲದ ಏರುಪೇರು, ಅದು ಬೇರೆ ಕಥೆ. ನಿಮಗೆ ಎರಡೇ ಮಾತು. ಮೂರು ತಿಂಗಳು ಬರದೆ ಇದ್ದರೆ ಸುಮ್ನೆ ಕಾಯಬೇಡಿ, ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗಬಹುದು. ಮುಖದ ಕೂದಲು ದಿಢೀರ್ ಅಂತ ಹೆಚ್ಚಿ, ದನಿ ಗಡಸಾದರೆ ಅದೇ ವಾರ ಹೋಗಿ.

ವೈಟ್‌ಫೀಲ್ಡ್‌ನಿಂದ: ಪೌಡರ್ ಆರ್ಡರ್ ಮಾಡಲಿಲ್ಲ ಅಕ್ಕ. ಡೇಟ್ ಯಾವಾಗ ಆಗಿತ್ತು ಅಂತ ಕೂತು ನೆನಪು ಮಾಡಿಕೊಂಡೆ. ಒಂದು ಆಯುಧಪೂಜೆ ದಿನ, ಇನ್ನೊಂದು ಕಡಲೆಕಾಯಿ ಪರಿಷೆಗೆ ಹೋದ ಸಂಜೆ. ಎರಡನ್ನೂ ಬರೆದಿಟ್ಟಿದ್ದೇನೆ. ಶನಿವಾರಕ್ಕೆ ಅಪಾಯಿಂಟ್‌ಮೆಂಟ್ ಸಿಕ್ಕಿದೆ.