ನಗೆಹನಿಗೆ ನಗು ಬಾರದಿರುವುದು ಖಿನ್ನತೆಯೇ?

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನಮ್ಮ ಅಣ್ಣನಿಗೆ ಪಾರ್ಶ್ವವಾಯು ಆದಾಗ ಮಿದುಳಿನ ಬಲ ಮುಂಭಾಗಕ್ಕೆ ಪೆಟ್ಟಾಗಿದೆ ಎಂದು ಸ್ಕ್ಯಾನ್ ವರದಿಯಲ್ಲಿತ್ತು. ಈಗ ಮಾತು, ನೆನಪು, ಲೆಕ್ಕಾಚಾರ ಎಲ್ಲವೂ ಸರಿಯಾಗಿವೆ. ಆದರೆ ಮನೆಮಂದಿಯನ್ನೆಲ್ಲ ನಗಿಸುತ್ತಿದ್ದ ಅವರು ನಗೆಹನಿ ಹೇಳಿದರೆ ಸುಮ್ಮನೆ ಮುಖ ನೋಡುತ್ತಾರೆ. ಟಿವಿಯಲ್ಲಿ ಯಾರಾದರೂ ಜಾರಿಬಿದ್ದರೆ ಮಾತ್ರ ಜೋರಾಗಿ ನಗುತ್ತಾರೆ. ಇದು ಖಿನ್ನತೆಯೇ?

ಉತ್ತರ (ನರರೋಗ ತಜ್ಞರು): ಪಾರ್ಶ್ವವಾಯುವಿನ ನಂತರ ಖಿನ್ನತೆ ಬರುವುದು ಅಪರೂಪವೇನಲ್ಲ, ಆದ್ದರಿಂದ ಅದನ್ನು ಪರೀಕ್ಷಿಸಿಕೊಳ್ಳಲೇಬೇಕು. ಆದರೆ ಖಿನ್ನತೆಯಲ್ಲಿ ಸಾಮಾನ್ಯವಾಗಿ ಎಲ್ಲ ಬಗೆಯ ಸಂತೋಷವೂ ಮಂಕಾಗುತ್ತದೆ. ಜಾರಿಬಿದ್ದವರನ್ನು ಕಂಡು ಮನಸಾರೆ ನಗುವವರಲ್ಲಿ ನಾನು ಮೊದಲು ಶಂಕಿಸುವುದು ಬೇರೆಯದನ್ನು.

ಒಂದು ಹಳೆಯ ನಗೆಹನಿಯನ್ನೇ ನೋಡೋಣ. "ಡಾಕ್ಟರೇ, ನನಗೆ ಮರೆವು ಹೆಚ್ಚಾಗಿದೆ" ಎನ್ನುತ್ತಾನೆ ರೋಗಿ. "ಹಾಗಾದರೆ ಫೀಸು ಮೊದಲೇ ಕೊಟ್ಟುಬಿಡಿ" ಎನ್ನುತ್ತಾರೆ ವೈದ್ಯರು. ಔಷಧದ ಮಾತು ಬರುತ್ತದೆಂದು ಕಾಯುತ್ತಿದ್ದ ಮಿದುಳು ಇಲ್ಲಿ ಮೊದಲು ಬೆಚ್ಚುತ್ತದೆ; ಆಮೇಲೆ ಹಿಂದಿನ ವಾಕ್ಯಕ್ಕೆ ಮರಳಿ, ವೈದ್ಯರ ಮನಸ್ಸಿನಲ್ಲಿದ್ದ ಚಿಂತೆಯನ್ನು ಊಹಿಸಿ, ಎರಡನ್ನೂ ಹೊಂದಿಸಿಕೊಳ್ಳುತ್ತದೆ. ಬೆಚ್ಚುವುದಷ್ಟೇ ಸಾಲದು, ಹೊಂದಿಕೆಯೂ ಆಗಬೇಕು. ಈ ಹೊಂದಿಸುವ ಕೆಲಸದಲ್ಲಿ ಬಲ ಮುಂಭಾಗದ ಪಾತ್ರ ದೊಡ್ಡದು. ಶಮ್ಮಿ ಮತ್ತು ಸ್ಟಸ್ ಎಂಬ ಸಂಶೋಧಕರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆ ಭಾಗಕ್ಕೆ ಹಾನಿಯಾದವರು ನಗೆಹನಿಗೆ ತಕ್ಕ ಮುಕ್ತಾಯವನ್ನು ಬಿಟ್ಟು, ಕಥೆಗೆ ಸಂಬಂಧವೇ ಇಲ್ಲದ ವಿಚಿತ್ರ ಮುಕ್ತಾಯವನ್ನು ಆರಿಸಿಕೊಳ್ಳುವುದು ಹೆಚ್ಚಾಗಿತ್ತು. ಮೇಲಿನ ಉದಾಹರಣೆಯಲ್ಲಾದರೆ, ವೈದ್ಯರು ಕುರ್ಚಿಯಿಂದ ಉರುಳಿಬಿದ್ದರು ಎಂದು ಮುಗಿಸಿದಂತೆ. ನಿಮ್ಮ ಅಣ್ಣನವರ ವಿಷಯದಲ್ಲೂ ಹೀಗೆಯೇ ಆಗಿರಬಹುದು.

ಹೊಂದಿಕೆ ಸಿಕ್ಕಮೇಲೆ ಹುಟ್ಟುವ ಸಂತೋಷ ಮಿದುಳಿನ ಆಳದಲ್ಲಿ ಡೋಪಮೈನ್ ಎಂಬ ರಾಸಾಯನಿಕದ ಮೂಲಕ ಕೆಲಸ ಮಾಡುವ ನರಜಾಲಕ್ಕೆ ಸೇರಿದ್ದು. ಸ್ಟ್ಯಾನ್‌ಫರ್ಡ್ ಸಂಶೋಧಕರು 2003ರಲ್ಲಿ ವ್ಯಂಗ್ಯಚಿತ್ರಗಳನ್ನೂ, ನಗೆಯ ಅಂಶವನ್ನಷ್ಟೇ ತೆಗೆದ ಅವೇ ಚಿತ್ರಗಳನ್ನೂ ತೋರಿಸಿ ಸ್ಕ್ಯಾನ್ ಮಾಡಿದಾಗ, ನಗೆ ಹುಟ್ಟಿಸಿದ ಚಿತ್ರಗಳಿಗೆ ಈ ಜಾಲ ಹೆಚ್ಚು ಸ್ಪಂದಿಸಿತ್ತು.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ನಮ್ಮ ಚಿಕ್ಕಪ್ಪನವರದು ಇದಕ್ಕೆ ತದ್ವಿರುದ್ಧ. ತಮಾಷೆಯೇ ಇಲ್ಲದಿದ್ದರೂ ತಡೆಯಲಾರದಷ್ಟು ನಗು ಬರುತ್ತದೆ, ಕೆಲವೊಮ್ಮೆ ಅದು ಅಳುವಾಗಿಬಿಡುತ್ತದೆ. ಹೀಗೂ ಆಗುತ್ತದೆಯೇ?

ಉತ್ತರ: ಆಗುತ್ತದೆ. ತಮಾಷೆಯನ್ನು ಗ್ರಹಿಸುವ ವ್ಯವಸ್ಥೆ ಬೇರೆ, ಮುಖ ಮತ್ತು ಉಸಿರಿನ ಸ್ನಾಯುಗಳನ್ನು ಕುಲುಕಿಸಿ ನಗಿಸುವ ವ್ಯವಸ್ಥೆ ಬೇರೆ. ಮೂರ್ಛೆರೋಗದ ಚಿಕಿತ್ಸೆಯಲ್ಲಿದ್ದ 16 ವರ್ಷದ ಹುಡುಗಿಯೊಬ್ಬಳ ಮಿದುಳಿನ ಎಡ ಮುಂಭಾಗದ ಒಂದು ಜಾಗಕ್ಕೆ ಸ್ವಲ್ಪ ವಿದ್ಯುತ್ ಹರಿಸಿದಾಗ ಮುಗುಳ್ನಗೆಯೂ, ಹೆಚ್ಚಿಸಿದಾಗ ಜೋರು ನಗೆಯೂ ಬಂದದ್ದು 1998ರಲ್ಲಿ ವರದಿಯಾಯಿತು. ಏಕೆ ನಕ್ಕೆ ಎಂದು ಕೇಳಿದರೆ, ಕುದುರೆಯ ಚಿತ್ರವೋ ಎದುರು ನಿಂತ ವೈದ್ಯರೋ, ಆ ಹೊತ್ತಿಗೆ ಕಣ್ಣಿಗೆ ಬಿದ್ದದ್ದನ್ನೇ ಅವಳು ಕಾರಣವಾಗಿ ಹೇಳುತ್ತಿದ್ದಳು! ನಗುವನ್ನು ಹತೋಟಿಯಲ್ಲಿಡುವ ನರಮಾರ್ಗಗಳಿಗೆ ಹಾನಿಯಾದರೆ, ಮನಸ್ಸಿನಲ್ಲಿ ಇಲ್ಲದ ನಗೆಯೂ ಅಳುವೂ ಮುಖಕ್ಕೆ ಬರುತ್ತವೆ. ಇದಕ್ಕೆ ಔಷಧಗಳಿವೆ, ದಯವಿಟ್ಟು ಗದರಬೇಡಿ. ಆದರೆ ನಗು ಪ್ರತಿಸಲವೂ ಒಂದೇ ರೀತಿಯಲ್ಲಿ, ಕೆಲವೇ ಕ್ಷಣ ಬಂದು, ಆ ಹೊತ್ತಿನಲ್ಲಿ ಪ್ರಜ್ಞೆ ಮಸುಕಾಗುವಂತಿದ್ದರೆ ಅದು ಮೂರ್ಛೆಯ ಒಂದು ಬಗೆಯಾಗಿರಬಹುದು. ಅದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ನಿಮ್ಮ ವೈದ್ಯರಿಗೆ ತೋರಿಸಿ. ಬಾಯಲ್ಲಿ ವಿವರಿಸುವುದಕ್ಕಿಂತ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ.