ಹತ್ತು ನಿಮಿಷ ಆದಮೇಲೆ ಏನೂ ತಿಳಿಯುವುದಿಲ್ಲ, ಆದರೂ ಗಣಿತದ ಸೆಮಿನಾರ್‌ಗೆ ಹೋಗಬೇಕಾ?

ಕೆಂಗೇರಿ_ಸ್ಕಾಲರ್:
ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಮೊದಲ ವರ್ಷ. ವಿಷಯ ಫ್ಲೂಯಿಡ್ ಮೆಕ್ಯಾನಿಕ್ಸ್. (ನಮ್ಮ ಕಡೆ ಅದು ಬಿಟ್ಟರೆ ಗ್ರಾಫ್ ಥಿಯರಿ, ಅಲ್ವಾ?) ಮರಳಿನಂಥ ರಂಧ್ರಗಳಿರುವ ಪದರದಲ್ಲಿ ನೀರು ತುಂಬಿ ಕೆಳಗಿನಿಂದ ಕಾಯಿಸಿದರೆ, ಕಾವು ನೀರನ್ನು ಎಷ್ಟು ಜೋರಾಗಿ ಮೇಲೆ ತಳ್ಳುತ್ತದೆ ಅಂತ ಅಳೆಯುವ ರೇಲಿ ಸಂಖ್ಯೆ 4 ಪೈ ವರ್ಗ, ಅಂದರೆ ಸುಮಾರು 39.5 ದಾಟಿದ ಮೇಲೆ ನೀರು ಸುತ್ತಲು ಶುರು ಮಾಡುತ್ತದೆ. ಆ ಜಾತಿಯ ಲೆಕ್ಕಗಳು ನನ್ನವು.

ಟಾಟಾ ಇನ್‌ಸ್ಟಿಟ್ಯೂಟ್ (ಐಐಎಸ್‌ಸಿ) ಗಣಿತ ವಿಭಾಗದ ಸೆಮಿನಾರ್‌ಗಳಿಗೆ ಆಗಾಗ ಹೋಗುತ್ತೇನೆ. ಶುರುವಿನಲ್ಲಿ ಎಲ್ಲ ಚೆನ್ನಾಗಿರುತ್ತದೆ. ಆಮೇಲೆ ಬೋರ್ಡ್ ಮೇಲೆ ಸೊಬೊಲೆವ್ ಸ್ಪೇಸ್ (ಡಿರೈವೇಟಿವ್‌ಗಳನ್ನೂ ಸೇರಿಸಿ ಅಳೆಯುವ ಫಂಕ್ಷನ್‌ಗಳ ಗುಂಪು) ಬರುತ್ತದೆ, ಹಿಂದೆಯೇ ವೀಕ್ ಕನ್ವರ್ಜೆನ್ಸ್ ಬರುತ್ತದೆ, ನಾನು ಗಡಿಯಾರ ನೋಡುತ್ತೇನೆ. ಪ್ರಶ್ನೆ ಕೇಳುವವರೆಲ್ಲ ಮುಂದಿನ ಸಾಲಿನವರೇ. "ನಿನ್ನದು ಅಪ್ಲೈಡ್. ಆ ಪ್ಯೂರ್‌ನವರ ಮಧ್ಯೆ ನಿನಗೇನು ಕೆಲಸ? ಸುಮ್ನೆ ಪೇಪರ್ ಬರಿ" ಅನ್ನುತ್ತಾರೆ ನಮ್ಮ ಗೈಡ್. ಹೋಗಿ ಕೂರುವುದರಲ್ಲಿ ಅರ್ಥ ಇದೆಯಾ? ಹೊರಗಿನವನು ಪ್ರಶ್ನೆ ಕೇಳಿದರೆ ನಡೆಯುತ್ತದಾ?

ಸೀಮೆಸುಣ್ಣ:
ಧಾರಾಳವಾಗಿ ಕೇಳಿ. ನೀವು ಯಾವ ಕಾಲೇಜು ಅಂತ ಯಾರೂ ವಿಚಾರಿಸುವುದಿಲ್ಲ. ಮತ್ತೆ, ಕೊಲೋಕ್ವಿಯಂ ಅಂತ ಬರೆದಿದ್ದರೆ ಅದು ಎಲ್ಲ ಗಣಿತದವರಿಗೂ ತಿಳಿಯಲಿ ಅಂತ ಮಾಡುವ ಭಾಷಣ. ಬರೀ ಸೆಮಿನಾರ್ ಅಂದರೆ ಆ ವಿಷಯದವರಿಗಾಗಿ. ಮೊದಲು ಕೊಲೋಕ್ವಿಯಂಗಳಿಗೆ ಹೋಗಿ. ಮೈಸೂರು ರಸ್ತೆಯ ಐಎಸ್‌ಐ (ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್) ನಿಮಗೆ ಹತ್ತಿರ. ಹೆಸರಘಟ್ಟ ಕಡೆಯ ಐಸಿಟಿಎಸ್ (ಸೈದ್ಧಾಂತಿಕ ವಿಜ್ಞಾನಗಳ ಸಂಶೋಧನಾ ಕೇಂದ್ರ) ದೂರವಾಯಿತು, ಆದರೆ ಅವರ ಎಷ್ಟೋ ಭಾಷಣಗಳು ಯೂಟ್ಯೂಬ್‌ನಲ್ಲಿವೆ.

ಹಳೇ_ಪೋಸ್ಟ್‌ಡಾಕ್:
ಪ್ಯೂರ್, ಅಪ್ಲೈಡ್ ಅನ್ನುವ ಗೋಡೆ ನಿಮ್ಮ ವಿಷಯದಲ್ಲಂತೂ ಇಲ್ಲ. ನಿಮ್ಮ ಥೀಸಿಸ್‌ನ ಮೊದಲ ಪುಟಗಳಲ್ಲೇ ಡಾರ್ಸಿ ನಿಯಮ (ಹರಿವಿನ ವೇಗ ಒತ್ತಡದ ಇಳಿತಕ್ಕೆ ಅನುಪಾತದಲ್ಲಿರುತ್ತದೆ ಅನ್ನುವುದು) ಇರಬೇಕು, ಹೌದಾ? ಡಾರ್ಸಿ ಫ್ರಾನ್ಸಿನ ದಿಜೋನ್ ಊರಿಗೆ ನೀರು ತಂದ ಎಂಜಿನಿಯರ್. ಮರಳು ತುಂಬಿದ ಕೊಳವೆಯಲ್ಲಿ ನೀರು ಹಾಯಿಸಿ, ಅಳೆದು, 1856ರಲ್ಲಿ ನಿಯಮ ಪ್ರಕಟಿಸಿದರು. ಅದು ಪ್ರಯೋಗದಿಂದ ಬಂದದ್ದು. ಆದರೆ ಮರಳಿನ ಕಣಗಳ ಸಂದಿಯಲ್ಲಿ ನಿಧಾನವಾಗಿ ಹರಿಯುವ ನೀರಿಗೆ ಅನ್ವಯಿಸುವುದು ಸ್ಟೋಕ್ಸ್ ಸಮೀಕರಣ. ಅದರಲ್ಲಿ ವೇಗದ ಎರಡನೇ ಡಿರೈವೇಟಿವ್ ಇದೆ. ಡಾರ್ಸಿಯಲ್ಲಿ ವೇಗದ ಡಿರೈವೇಟಿವ್ವೇ ಇಲ್ಲ. ಹಾಗಾದರೆ ಒಂದರಿಂದ ಇನ್ನೊಂದು ಹೇಗೆ ಬಂತು?

ರಂಧ್ರದ ಅಳತೆಯನ್ನು ಎಪ್ಸಿಲಾನ್ ಅಂತ ಹಿಡಿದು ಅದನ್ನು ಸೊನ್ನೆಗೆ ಒಯ್ಯಬೇಕು. ವೇಗ ಎಪ್ಸಿಲಾನ್ ವರ್ಗದಷ್ಟು ಚಿಕ್ಕದಾಗುತ್ತದೆ, ಆದ್ದರಿಂದ ಅದರಿಂದ ಭಾಗಿಸಬೇಕು. ಹಾಗೆ ಭಾಗಿಸಿದ ವೇಗ ಸಂದಿಯಿಂದ ಸಂದಿಗೆ ಏರಿಳಿಯುತ್ತಲೇ ಇರುತ್ತದೆ, ಒಂದು ಕಡೆ ನಿಲ್ಲುವುದಿಲ್ಲ. ನಿಲ್ಲುವುದು ಅದರ ಸರಾಸರಿ ಮಾತ್ರ. ನಿಮಗೆ ಗಡಿಯಾರ ನೋಡಿಸಿದ ವೀಕ್ ಕನ್ವರ್ಜೆನ್ಸ್ ಇದೇ! ರಂಧ್ರಗಳು ಒಂದೇ ಮಾದರಿಯಲ್ಲಿ ಜೋಡಿಸಿದಂತಿದ್ದರೆ ಲಿಮಿಟ್‌ನಲ್ಲಿ ಡಾರ್ಸಿ ನಿಯಮವೇ ಸಿಗುತ್ತದೆ ಅಂತ ಫ್ರೆಂಚ್ ಗಣಿತಜ್ಞ ಲುಕ್ ತಾರ್ತಾರ್ 1980ರಲ್ಲಿ ಸಾಧಿಸಿದರು. "ಕೊಟ್ಟಿರುವ ಸಂಖ್ಯೆ" ಅಂತ ನೀವು ಬರೆದುಕೊಳ್ಳುವ ಪರ್ಮಿಯಬಿಲಿಟಿ (ಪದರ ನೀರನ್ನು ಎಷ್ಟು ಸಲೀಸಾಗಿ ಬಿಡುತ್ತದೆ ಅನ್ನುವ ಅಳತೆ) ಇದೆಯಲ್ಲ, ಅದು ಒಂದೇ ಒಂದು ರಂಧ್ರದ ಸುತ್ತ ಸ್ಟೋಕ್ಸ್ ಸಮೀಕರಣ ಬಿಡಿಸಿದರೆ ಹೊರಬರುತ್ತದೆ. ಈ ವಿದ್ಯೆಯ ಹೆಸರು ಹೋಮೊಜನೈಸೇಶನ್. ಬೆಂಗಳೂರಲ್ಲೇ, ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲೂ ಯಲಹಂಕ ಕಡೆಯ ಟಿಐಎಫ್‌ಆರ್ ಕೇಂದ್ರದಲ್ಲೂ ಇದರ ಮೇಲೆ ವರ್ಷಗಟ್ಟಲೆ ಕೆಲಸ ನಡೆದಿದೆ. ನಿಮ್ಮ ಗೈಡ್‌ಗೆ ಇದನ್ನು ಮೆಲ್ಲಗೆ ಹೇಳಿ, ವಾದ ಮಾಡಬೇಡಿ.

ಇನ್ನು ಕೂರುವ ವಿಷಯ. ಸ್ಟ್ಯಾನ್‌ಫರ್ಡ್‌ನ ಗಣಿತ ಪ್ರೊಫೆಸರ್ ರವಿ ವಕೀಲ್ ತಮ್ಮ ವಿದ್ಯಾರ್ಥಿಗಳಿಗೆ ಹೇಳುವ ಉಪಾಯವನ್ನೇ ನಾನೂ ಹಿಡಿದಿದ್ದೇನೆ: ಭಾಷಣದಿಂದ ಮೂರು ವಿಷಯ ಬರೆದುಕೊಂಡು ಎದ್ದು ಬರುವುದು, ಅಷ್ಟೇ. ಒಂದು ವ್ಯಾಖ್ಯೆ, ಒಂದು ಉದಾಹರಣೆ, ಒಂದು ಪ್ರಶ್ನೆ ಆದರೂ ಸಾಕು. ಕೊನೆಯ ಪ್ರಮೇಯ ಹಿಡಿಯಲು ಹೋಗಬೇಡಿ. ಅದು ಕೂತವರಲ್ಲಿ ಹೆಚ್ಚಿನವರಿಗೂ ತಿಳಿದಿರುವುದಿಲ್ಲ. ಕೇಳುವುದಾದರೆ "ಒಂದೇ ಡೈಮೆನ್ಷನ್‌ನಲ್ಲಿ ಇದು ಏನು ಹೇಳುತ್ತದೆ?" ಅಂತ ಕೇಳಿ. ಒಳ್ಳೆಯ ಭಾಷಣಕಾರರಿಗೆ ಈ ಪ್ರಶ್ನೆ ಅಂದರೆ ಖುಷಿ.

ಧಾರವಾಡದ_ಮೇಷ್ಟ್ರು:
ನಾನು ಪೂರ್ತಿ ಒಪ್ಪುವುದಿಲ್ಲ. ಮೂರು ವಿಷಯ ಬರೆದುಕೊಳ್ಳಲಿಕ್ಕೂ ತಳಪಾಯ ಬೇಕಲ್ಲ. ಮಾಸ್ಕೋದಲ್ಲಿ ಗಣಿತಜ್ಞ ಗೆಲ್ಫಾಂಡ್ 1943ರಲ್ಲಿ ಶುರು ಮಾಡಿದ ಸೋಮವಾರದ ಸೆಮಿನಾರ್‌ನಲ್ಲಿ ಅವರು ಭಾಷಣವನ್ನು ನಡುವೆಯೇ ನಿಲ್ಲಿಸಿ, ಕೂತಿದ್ದ ಒಬ್ಬರನ್ನು ಕರೆದು, ಈಗ ಹೇಳಿದ್ದೇನು ಅಂತ ಕೇಳುತ್ತಿದ್ದರು. ನಮ್ಮಲ್ಲಿ ಹಾಗೆ ತಡೆಯುವವರು ಯಾರು? ಗಂಟೆ ಹೊಡೆದು ಟೀ ಬಿಸ್ಕತ್ ಬರುವ ತನಕ ಎಲ್ಲರೂ ತಲೆ ಆಡಿಸುತ್ತಾರೆ. ತಮ್ಮಾ, ನಿಮ್ಮ ವಿಭಾಗದಲ್ಲೇ ಇಬ್ಬರು ಮೂವರು ಸೇರಿ. ವಾರಕ್ಕೊಮ್ಮೆ ಒಬ್ಬರು ಸೊಬೊಲೆವ್ ಸ್ಪೇಸ್‌ನ ಒಂದು ಪಾಠ ಬೋರ್ಡ್ ಮೇಲೆ ಮಾಡಿ. ಸ್ಲೈಡ್ ಬೇಡ. ಉಳಿದವರು ಪ್ರತಿ ಸಾಲಿಗೂ ಯಾಕೆ ಅಂತ ಕೇಳಲಿ.

ಕೆಂಗೇರಿ_ಸ್ಕಾಲರ್:
ಪರ್ಮಿಯಬಿಲಿಟಿ ಟೇಬಲ್‌ನಿಂದ ಎತ್ತಿಕೊಳ್ಳುವ ಸಂಖ್ಯೆ ಅಂತಲೇ ಅಂದುಕೊಂಡಿದ್ದೆ! ತಾರ್ತಾರ್ ಅವರ ಸಾಧನೆ ಹುಡುಕಿ ಓದುತ್ತೇನೆ. ಮೇಷ್ಟ್ರೇ, ವಿಭಾಗದಲ್ಲಿ ಕೇಳಿದೆ, ಒಬ್ಬಳು ಗೆಳತಿ ಸಿಕ್ಕಿದ್ದಾಳೆ. ಅವಳದು ಗ್ರಾಫ್ ಥಿಯರಿ, ಆದರೂ ಬರುತ್ತಾಳಂತೆ. ಶನಿವಾರ ಮಧ್ಯಾಹ್ನ ಕ್ಲಾಸ್‌ರೂಮ್ ಖಾಲಿ ಇರುತ್ತದೆ. ಕೆಂಗೇರಿ, ಜ್ಞಾನಭಾರತಿ ಕಡೆಯವರು ಇನ್ಯಾರಾದರೂ ಇದ್ದರೆ ಮೆಸೇಜ್ ಮಾಡಿ, ಮೊದಲ ಪಾಠ ನಾನೇ ಮಾಡುತ್ತೇನೆ.